ಬಿಸಿಲಿಗೆ ಹೊದಿಕೆ ಹೊದಿಸಿದ ಹೆಡ್‌ಮಾಸ್ತರು

ನಮ್ಮ ಹೆಡ್‌ಮಾಸ್ತರು ಸುಬ್ಬನರಸಿಂಹಯ್ಯನವರ ಎಡಗೈಯಲ್ಲಿ ಒಂದು ಒಳ್ಳೆಯ ಗಡಿಯಾರವಿತ್ತು. ಗಡಿಯಾರದ ಮೇಲೆ ಮಡಿಸಿ ಕಟ್ಟಿದ ಬಿಳಿ ಕರವಸ್ತ್ರವಿತ್ತು. ಒಳಗೆ ಧೂಳು ಹೋದರೆ ಯಂತ್ರ ಕೆಡುತ್ತದೆಂದು, ಮದುವೆಯಲ್ಲಿ ಮಾವನವರು ತೊಡಿಸಿದ ದಿನದಿಂದಲೂ ಹಾಗೆಯೇ ಕಟ್ಟಿಕೊಂಡು ಬಂದಿದ್ದರಂತೆ. ಹೊತ್ತು ಎಷ್ಟಾಯಿತೆಂದು ತಿಳಿಯಬೇಕಾದಾಗ ಸ್ಟಾಫ್ ರೂಮಿನ ಬಾಗಿಲಿಗೆ ಬಂದು, "ಅಮ್ಮಾ, ಟೈಮೆಷ್ಟು?" ಎಂದು ನನ್ನನ್ನು ಕೇಳುತ್ತಿದ್ದರು. ನನ್ನ ಗಡಿಯಾರ ಊರ ಧೂಳನ್ನೆಲ್ಲ ತಿಂದು ದಿನವೂ ಹಿಂದೆ ಬೀಳುತ್ತಿತ್ತು. ನಮ್ಮ ಶಾಲೆಯ ಗಂಟೆ ಬಾರಿಸುತ್ತಿದ್ದದ್ದು ಅದನ್ನು ನಂಬಿಕೊಂಡು.

ಮುಳಬಾಗಿಲಿನಲ್ಲಿ ಬಸ್ಸು ಹತ್ತಿ, ಆವನಿ ಊರಿಗೆ ಮೊದಲೇ ಇಳಿದು, ಹಿಪ್ಪುನೇರಳೆ ತೋಟಗಳ ನಡುವೆ ಎರಡು ಮೈಲಿ ನಡೆದರೆ ನಮ್ಮ ಹೈಸ್ಕೂಲು. ಎಂಬತ್ತರ ದಶಕದ ಮೊದಲ ವರ್ಷಗಳು. ಕೋಲಾರದಲ್ಲಿ ಓದಿದ ನಾನು ವಿಜ್ಞಾನದ ಟೀಚರಾಗಿ ಅಲ್ಲಿಗೆ ಹೋದಾಗ ಊರಿಗೆ ಕರೆಂಟಿನ ಕಂಬಗಳು ಬಂದಿದ್ದವು, ತಂತಿ ಬಂದಿರಲಿಲ್ಲ. ತಂತಿ ಬರುವವರೆಗೆ ಸುಮ್ಮನೆ ನಿಂತಿರುವುದೇಕೆಂದು ಜನ ಕಂಬಗಳಿಗೆ ಎಮ್ಮೆ ಕಟ್ಟುತ್ತಿದ್ದರು. ಎಮ್ಮೆಗಳಿಗೆ ಸರ್ಕಾರದಿಂದ ಅಷ್ಟಾದರೂ ಅನುಕೂಲವಾಯಿತು.

ಹೆಡ್‌ಮಾಸ್ತರ ಮನೆತನ ಮುಳಬಾಗಿಲಿನಲ್ಲಿ ತಲೆತಲಾಂತರದಿಂದ ಅರ್ಚಕರದು, ಲೆಕ್ಕ ಬರೆಯುವವರದು. ದೇವರ ಒಡವೆಯನ್ನೂ ದೊರೆಗಳ ಕಂದಾಯವನ್ನೂ ಕಾದ ವಂಶ. ಆ ವಂಶದ ಕುಡಿಗೆ ಕಾಯಲು ಸಿಕ್ಕಿದ್ದು ಒಂದು ಗ್ಲೋಬು, ಎರಡು ಫುಟ್‌ಬಾಲು, ಒಂದು ಹಾರ್ಮೋನಿಯಂ. ಸಿಕ್ಕಿದ್ದನ್ನೇ ಭಕ್ತಿಯಿಂದ ಕಾದರು. ಗ್ಲೋಬಿಗೆ ಗೋಣಿಬಟ್ಟೆಯ ಚೀಲ ಹೊಲಿಸಿದ್ದರು. ಭೂಗೋಳದ ಪಾಠದಲ್ಲಿ ಅದನ್ನು ಚೀಲಸಮೇತ ಮೇಜಿನ ಮೇಲಿಡುತ್ತಿದ್ದರು. ಮಕ್ಕಳು ಸಾಲಾಗಿ ಬಂದು ಚೀಲ ಸವರಿ, ಭೂಮಿ ಗುಂಡಗಿರುವುದು ನಿಜವೆಂದು ಒಪ್ಪಿಕೊಂಡು ಹೋಗುತ್ತಿದ್ದರು. ಫುಟ್‌ಬಾಲಿಗೆ ಗಾಳಿಯನ್ನೇ ತುಂಬಿಸಿರಲಿಲ್ಲ. ಯಾಕೆ ಸಾರ್ ಎಂದರೆ, "ತುಂಬಿದ್ರೆ ಒದೀತಾರಮ್ಮಾ, ಒದ್ರೆ ಹರಿಯುತ್ತೆ" ಎಂದರು.

ಮೈಕ್ರೋಸ್ಕೋಪು ಕೇಳಲು ಹೋದ ದಿನ ನನಗೆ ನಿಜಕ್ಕೂ ಕೋಪ ಬಂದಿತ್ತು. ಬೀರುವಿನೊಳಗೆ ಅದು ಮದುಮಗಳ ಹಾಗೆ ತಲೆಗೆ ಸೆರಗು ಹೊದ್ದು ಕುಳಿತಿತ್ತು.

"ಎಲ್ಲ ಮಕ್ಳೂ ಒಂದೊಂದು ಕಣ್ಣಿಟ್ಟು ನೋಡಿದ್ರೆ ಗಾಜು ಸವೆಯಲ್ವಾ?" ಎಂದರು.

"ನೋಡಿದ್ರೆ ಗಾಜು ಸವೆಯಲ್ಲ ಸಾರ್."

"ನಿಮ್ಗೆ ವಯಸ್ಸು ಚಿಕ್ಕದು. ನಾನು ನೋಡಿದೀನಿ. ಲೋಕದಲ್ಲಿ ಸವೆಯದೆ ಇರೋ ವಸ್ತು ಅಂತ ಒಂದಿಲ್ಲ."

ಸವೆಯಬಾರದ ವಸ್ತುಗಳಲ್ಲಿ ತಮ್ಮನ್ನು ಮಾತ್ರ ಅವರು ಸೇರಿಸಿಕೊಂಡಿರಲಿಲ್ಲ, ಅದನ್ನೂ ಹೇಳಿಬಿಡಬೇಕು. ಮೇಷ್ಟ್ರುಗಳು ರಜ ಹಾಕಿದ ದಿನ ಎಲ್ಲ ಕ್ಲಾಸುಗಳನ್ನೂ ತಾವೇ ತೆಗೆದುಕೊಂಡು, ಸಂಜೆಯ ಹೊತ್ತಿಗೆ ಗಂಟಲು ಕಟ್ಟಿ ಸನ್ನೆಯಲ್ಲಿ ಮಾತಾಡುತ್ತಿದ್ದರು. ಮಳೆಗಾಲದಲ್ಲಿ ಪಂಚೆ ಎತ್ತಿ ಕಟ್ಟಿಕೊಂಡು, ಸೋರುವ ತಾರಸಿಗೆ ತಾವೇ ಗಾರೆ ಮೆತ್ತುತ್ತಿದ್ದರು. ಪುಸ್ತಕಕ್ಕೆ ರಟ್ಟಿಲ್ಲದ ಮಗುವಿಗೆ ತಾವೇ ಕೂತು ರಟ್ಟು ಹಾಕಿಕೊಡುತ್ತಿದ್ದರು. ಹೀಗಾಗಿ ಅವರನ್ನು ಪೂರ್ತಿ ಬೈಯುವ ಸುಖ ನನಗೆ ಒಂದು ದಿನವೂ ಸಿಗಲಿಲ್ಲ.

ಸಂಜೆ ನಾನೊಂದು ಕ್ಲಾಸು ನಡೆಸುತ್ತಿದ್ದೆ. ಓದು ಬಿಟ್ಟು ರೇಷ್ಮೆಹುಳು ಸಾಕುವ ಮನೆಗಳಲ್ಲಿ ಹಗಲೆಲ್ಲ ಸೊಪ್ಪು ಕತ್ತರಿಸುತ್ತಿದ್ದ ಎಂಟು ಹೆಣ್ಣುಮಕ್ಕಳಿಗೆ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿಸುವ ಹುಚ್ಚು ನನ್ನದು. ಅಷ್ಟು ವರ್ಷದ ನೌಕರಿಯಲ್ಲಿ ನನ್ನದೆಂದು ನಾನು ಮಾಡಿದ ಕೆಲಸ ಅದೊಂದೇ. ಒಂದು ಲಾಟೀನಿನ ಸುತ್ತ ಎಂಟು ತಲೆ. ಪಡಿತರದ ಸೀಮೆಎಣ್ಣೆ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಮುಗಿದ ದಿನ ಕ್ಲಾಸೂ ಮುಗಿಯುತ್ತಿತ್ತು. ಅವರಲ್ಲಿ ರತ್ನ ಎಂಬ ಸೊಸೆಯೊಬ್ಬಳಿದ್ದಳು. ಅವಳ ಅತ್ತೆ ಯಲ್ಲಮ್ಮ ನನಗೆ ಮುಖಕ್ಕೆ ಹೊಡೆದಂತೆ ಹೇಳಿದ್ದಳು: "ಬೆಳಕಿದ್ರೆ ಕಳಿಸ್ತೀನಿ ಮೇಡಮ್ಮಾ. ಕತ್ಲಲ್ಲಿ ಕುಂತ್ಕೊಳ್ಳೋಕಾದ್ರೆ ನಮ್ಮನೇಲೇ ಬೇಕಾದಷ್ಟು ಕತ್ಲೈತೆ."

ಆದ್ದರಿಂದ, ಬೆಂಗಳೂರಿನ ಯಾವುದೋ ಇಲಾಖೆ ಕರೆಂಟಿಲ್ಲದ ಊರುಗಳ ಶಾಲೆಗೆ ಪ್ರಯೋಗಕ್ಕಾಗಿ ಸೋಲಾರ್ ಹಲಗೆ ಕೊಡುತ್ತದೆ ಎಂದು ಕೇಳಿದಾಗ, ನಾನು ಕೋಲಾರಕ್ಕೆ ಓಡಾಡಿ, ಕಂಡವರ ಕೈಕಾಲು ಹಿಡಿದು ನಮ್ಮ ಶಾಲೆಗೂ ಒಂದನ್ನು ಬರಮಾಡಿಕೊಂಡೆ. ಜೀಪಿನಲ್ಲಿ ಬಂತು. ಮಂಚದ ಅರ್ಧದಷ್ಟು ಅಗಲ, ಮೇಲೆ ಗಾಜು, ಗಾಜಿನ ಕೆಳಗೆ ಕಪ್ಪುನೀಲಿ ಬಣ್ಣದ ಗುಂಡು ಬಿಲ್ಲೆಗಳು, ಸುತ್ತ ಅಲ್ಯೂಮಿನಿಯಂ ಚೌಕಟ್ಟು. ತಾರಸಿಯ ಮೇಲೆ ದಕ್ಷಿಣಕ್ಕೆ ಓರೆಯಾಗಿ ಕೂರಿಸಿ, ಕೆಳಗೆ ಒಂದು ಬ್ಯಾಟರಿ ಇಟ್ಟು, ಹತ್ತನೇ ಕ್ಲಾಸಿನ ಕೋಣೆಗೆ ಒಂದು ಟ್ಯೂಬ್‌ಲೈಟು ಹಾಕಿದರು. ದೀಪ ಹತ್ತಿದಾಗ ಊರೇ ಬಂದು ನೋಡಿತು. ಯಲ್ಲಮ್ಮ ಟ್ಯೂಬಿನ ಕೆಳಗೆ ನಿಂತು ಸೊಸೆಯ ಮುಖವನ್ನು ಮೊದಲ ಸಲ ನೋಡುವವಳಂತೆ ನೋಡಿ, "ಆಯ್ತು, ಬರ್ಲಿ" ಎಂದಳು.

ಹೊರಡುವಾಗ ಹೆಡ್‌ಮಾಸ್ತರು ಎಂಜಿನಿಯರನ್ನು ಕೇಳಿದರು: "ಇದು ಎಷ್ಟು ವರ್ಷ ಬಾಳಿಕೆ ಬರುತ್ತೆ ಸಾರ್?"

"ಬಿಸಿಲಲ್ಲಿ ಇಪ್ಪತ್ತು ವರ್ಷಕ್ಕೆ ಮೋಸ ಇಲ್ಲ" ಎಂದ ಆ ಪುಣ್ಯಾತ್ಮ. ಅವನಿಗೇನು, ಹೇಳಿ ಜೀಪು ಹತ್ತಿದ.

ಮೊದಲ ವಾರ ದೀಪ ಚೆನ್ನಾಗಿ ಉರಿಯಿತು. ಆಮೇಲೆ ಅರ್ಧ ಗಂಟೆಗೆ ಇಳಿಯಿತು. ಆಮೇಲೆ ಹಾಜರಿ ಕೂಗಿ ಮುಗಿಸುವುದರೊಳಗೆ ಟ್ಯೂಬಿನ ಎರಡು ತುದಿಯೂ ಕೆಂಪಾಗಿ ಆರಿಹೋಗುತ್ತಿತ್ತು. ಬಿಸಿಲಿಂದ ಕರೆಂಟಂತೆ, ನೀರಿಂದ ಬೆಣ್ಣೆಯಂತೆ ಎಂದು ಊರಲ್ಲಿ ನಗಾಡಿದರು. ಬ್ಯಾಟರಿ ಕೆಟ್ಟಿರಬೇಕೆಂದು ನಾನು ನೀರು ನೋಡಿದೆ, ತಂತಿ ಬಿಗಿ ಮಾಡಿದೆ, ಕೊನೆಗೆ ಒಂದು ಮಧ್ಯಾಹ್ನ ಸೆರಗು ಸಿಕ್ಕಿಸಿ ಏಣಿ ಹತ್ತಿದೆ.

ತಾರಸಿಯ ಮೇಲೆ ನಮ್ಮ ಸೋಲಾರ್ ಹಲಗೆ ವಾರ್ಷಿಕೋತ್ಸವದ ಜಮಖಾನ ಹೊದ್ದು ಮಲಗಿತ್ತು. ಜಮಖಾನ ಹಾಳಾಗದಿರಲೆಂದು ಅದರ ಮೇಲೆ ಗೋಣಿತಾಟು. ತಾಟು ಹಾರದಿರಲೆಂದು ಮೂಲೆಗೊಂದು ಕಲ್ಲು. ಸೂರ್ಯನೇ ಇಳಿದು ಬಂದು ಕೈಮುಗಿದರೂ ಒಳಗೆ ಬಿಡುವಂತಿರಲಿಲ್ಲ. ಕೆಳಗಿಳಿದು ಅಟೆಂಡರ್ ಮುನಿವೆಂಕಟಪ್ಪನನ್ನು ಹಿಡಿದೆ.

"ಅಯ್ನೋರ ಅಪ್ಪಣೆ ಮೇಡಂ. ಬಿಸ್ಲೇರ್ತಿದ್ದಂಗೆ ಮುಚ್ಚೋದು, ಸಾಯಂಕಾಲ ಶಾಲೆ ಬಿಟ್ಮೇಲೆ ತೆಗೆಯೋದು. ನಾನೇಂ ಚೇಸೇದಿ?" ಎಂದು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಕೈಚೆಲ್ಲಿದ.

ಹೆಡ್‌ಮಾಸ್ತರ ಕೋಣೆಗೆ ನುಗ್ಗಿದೆ. ಅವರಿಗೆ ಮುಚ್ಚುಮರೆಯೇನೂ ಇರಲಿಲ್ಲ. "ಇಡೀ ದಿನ ಬಿಸಿಲಲ್ಲಿ ಬಿಟ್ರೆ ಇಪ್ಪತ್ತು ವರ್ಷ ಅಂತ ಅವ್ರೇ ಹೇಳಿದ್ರಲ್ಲಮ್ಮಾ? ದಿನಕ್ಕೆರಡು ಗಂಟೆ ಎಳೇ ಬಿಸಿಲು ಕೊಟ್ರೆ ನೂರು ವರ್ಷ ಬರುತ್ತೆ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಆಗುತ್ತೆ" ಎಂದರು. ನನಗೆ ಆಗಿನ್ನೂ ಮದುವೆಯಾಗಿರಲಿಲ್ಲ. ಮೊಮ್ಮಕ್ಕಳ ಯೋಚನೆ ಅವರಾದರೂ ಮಾಡಿದ್ದರು.

ನಾನು ಸೀಮೆಸುಣ್ಣ ತೆಗೆದುಕೊಂಡೆ. "ಸಾರ್, ಆ ಬಿಲ್ಲೆಗಳು ಸಿಲಿಕಾನು. ಮರಳಲ್ಲಿರುತ್ತಲ್ಲ, ಅದನ್ನೇ ಶುದ್ಧ ಮಾಡಿ ಮಾಡಿರೋದು. ಒಂದೊಂದು ಬಿಲ್ಲೇಲೂ ಎರಡು ಪದರ. ಒಂದರಲ್ಲಿ ಎಲೆಕ್ಟ್ರಾನು ಸ್ವಲ್ಪ ಜಾಸ್ತಿ ಇರೋ ಹಾಗೆ, ಇನ್ನೊಂದರಲ್ಲಿ ಸ್ವಲ್ಪ ಕಮ್ಮಿ ಇರೋ ಹಾಗೆ ಬೆರಕೆ ಹಾಕಿರ್ತಾರೆ. ಎರಡೂ ಸೇರೋ ಕಡೆ ಒಂದು ತಳ್ಳೋ ಶಕ್ತಿ ಹುಟ್ಟುತ್ತೆ. ಬೆಳಕು ಬಿತ್ತು ಅಂದ್ರೆ, ಸುಮ್ನೆ ಕೂತಿರೋ ಎಲೆಕ್ಟ್ರಾನು ಎದ್ದುಬಿಡುತ್ತೆ. ಎದ್ದಿದ್ದನ್ನ ಆ ಶಕ್ತಿ ಒಂದೇ ದಿಕ್ಕಿಗೆ ತಳ್ಳುತ್ತೆ. ಬಂದ ದಾರೀಲಿ ವಾಪಸ್ ಹೋಗೋಕಾಗಲ್ಲ. ತಂತಿ ಹಿಡ್ಕೊಂಡು, ಬ್ಯಾಟರಿ ಸುತ್ಕೊಂಡು, ಇನ್ನೊಂದು ಕಡೆಯಿಂದ ಬಂದು ತನ್ನ ಜಾಗದಲ್ಲಿ ಕೂರುತ್ತೆ. ಆ ಓಡಾಟಾನೇ ಕರೆಂಟು."

"ಅಂದ್ರೆ ಎಲೆಕ್ಟ್ರಾನು ಖರ್ಚಾಗಲ್ಲ?"

"ಇಲ್ಲ ಸಾರ್. ನಮ್ಮ ಮಕ್ಕಳು ಬೆಲ್ಲು ಹೊಡೆದಾಗ ಹಿಂದಿನ ಬಾಗಿಲಿಂದ ಓಡಿ, ಮೈದಾನ ಸುತ್ತಿ, ಮುಂದಿನ ಬಾಗಿಲಿಂದ ಬಂದು ಅದೇ ಬೆಂಚಲ್ಲಿ ಕೂರ್ತಾರಲ್ಲ, ಹಾಗೆ. ಅದರಿಂದ ಬೆಂಚು ಸವೆಯುತ್ತಾ?"

"ಸವೆಯುತ್ತೆ" ಎಂದರು. "ನಮ್ಮ ಬೆಂಚುಗಳನ್ನ ಹತ್ತಿರದಿಂದ ನೋಡಿದೀರಾ?"

ಉದಾಹರಣೆ ಕೊಡುವ ಮೊದಲು ನಾನೇ ಯೋಚಿಸಬೇಕಿತ್ತು. ಇದು ಶಾಖದ ಕೆಲಸವಲ್ಲ, ಬೆಳಕಿನ ಕೆಲಸ, ಶಾಖ ಹೆಚ್ಚಾದರೆ ಕರೆಂಟು ಸ್ವಲ್ಪ ಕಡಿಮೆಯೇ ಆಗುತ್ತದೆ ಎಂದೆ. "ನೋಡಿದ್ರಾ, ಬಿಸಿ ಅದಕ್ಕೆ ಆಗಿಬರಲ್ಲ ಅಂತ ನೀವೇ ಹೇಳ್ತೀರಿ, ಮುಚ್ಚಿದ್ರೆ ತಪ್ಪು ಅಂತ ನೀವೇ ಹೇಳ್ತೀರಿ" ಎಂದರು. ಕೊನೆಗೆ ಅವರ ನಿಜವಾದ ಸಂಕಟ ಹೊರಬಿತ್ತು.

"ಅಲ್ಲಮ್ಮಾ, ಏನೂ ಖರ್ಚಾಗದೆ ದೀಪ ಉರಿಯುತ್ತಾ? ಯಾರೋ ಒಬ್ರು ಸವೀಲೇಬೇಕು. ಯಾರು ಅವ್ರು?"

"ಸೂರ್ಯ ಸಾರ್. ಅವನು ದಿನಾ ಸವೀತಾನೆ. ಇನ್ನೂ ಕೋಟ್ಯಂತರ ವರ್ಷ ಇರ್ತಾನೆ, ಆಮೇಲೆ ಮುಗೀತಾನೆ."

ಹೆಡ್‌ಮಾಸ್ತರು ಕುರ್ಚಿಗೊರಗಿದರು. ಗೆದ್ದ ಮುಖ. "ಮುಗೀತಾನಲ್ಲ? ಹಾಗಾದ್ರೆ ನಮ್ಮ ಶಾಲೆಯಿಂದ ಯಾಕೆ ದುಂದು?"

ಸ್ವಾಮೀ, ಸೂರ್ಯನನ್ನು ಉಳಿತಾಯ ಮಾಡಲು ಹೊರಟ ಮನುಷ್ಯ ಇಡೀ ಕೋಲಾರ ಜಿಲ್ಲೆಯಲ್ಲಿ ಬೇರೊಬ್ಬರಿರಲಾರರು. ನಾವು ಮುಚ್ಚಿದರೂ ಬಿಟ್ಟರೂ ಬಿಸಿಲು ಬಂದೇ ಬರುತ್ತದೆ, ಆ ಜಮಖಾನದ ಮೇಲೆ ಬಿದ್ದು ದಂಡವಾಗುತ್ತದೆ ಎಂದು ಕಿರುಚಿ, ಸೀಮೆಸುಣ್ಣ ಎಸೆದು ಹೊರಗೆ ಬಂದೆ. ಅವರು ಅದನ್ನು ಎತ್ತಿ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದ ಸದ್ದು ಕೇಳಿಸಿತು.

ಮಾರನೆಯ ವಾರ ಯಲ್ಲಮ್ಮ ಸೊಸೆಯನ್ನು ಕರೆದುಕೊಂಡು ಶಾಲೆಗೇ ಬಂದಳು. ದೀಪವಿಲ್ಲವೆಂದ ಮೇಲೆ ಕ್ಲಾಸು ಬೇಡ, ತೀರಿತು. ರತ್ನ ಅಳಲಿಲ್ಲ. ಶಾಲೆಯಿಂದ ಎರವಲು ಪಡೆದಿದ್ದ ಗಣಿತದ ಪುಸ್ತಕವನ್ನು ಹೆಡ್‌ಮಾಸ್ತರ ಮೇಜಿನ ಮೇಲಿಟ್ಟಳು. ಅವರೇ ರಟ್ಟು ಹಾಕಿ ಕೊಟ್ಟಿದ್ದ ಪುಸ್ತಕ. ಅವರು ಅಭ್ಯಾಸಬಲದಿಂದ ಹಾಳೆ ತಿರುವಿ ನೋಡಿ ಸಂತೋಷಪಟ್ಟರು. "ಭೇಷ್! ಒಂದು ಮೂಲೆ ಮಡಚಿಲ್ಲ, ಒಂದು ಕಲೆ ಇಲ್ಲ. ಹೀಗಿರ್ಬೇಕು."

"ಹೆಂಗೆ ಹಾಳಾಗ್ತದೆ ಸಾರ್?" ಎಂದಳು ರತ್ನ. "ಓದೋಕೇ ಆಗ್ಲಿಲ್ವಲ್ಲ."

ಹುಡುಗಿ ಚುಚ್ಚಿ ಆಡಿದ ಮಾತಲ್ಲ ಅದು. ಇದ್ದದ್ದನ್ನು ಹೇಳಿದ್ದಳು. ಹೆಡ್‌ಮಾಸ್ತರು ಮತ್ತೊಮ್ಮೆ ಹಾಳೆ ತಿರುವಿದರು. ಆಮೇಲೆ ಅವರು ಎದ್ದು, ಪುಸ್ತಕವನ್ನು ಮತ್ತೆ ಅವಳ ಕೈಗೆ ಕೊಟ್ಟು, "ಯಲ್ಲಮ್ಮಾ, ಇವತ್ತು ಸೋಮವಾರ. ಗುರುವಾರದವರೆಗೆ ತಾಳ್ಕೋ. ಅವತ್ತೂ ದೀಪ ನಿಲ್ಲಲಿಲ್ಲ ಅಂದ್ರೆ ಕಳಿಸ್ಬೇಡ" ಎಂದು ಹೇಳಿ, ತಾವೇ ಏಣಿ ಹತ್ತಿದರು. ಕಲ್ಲು ಉರುಳಿದ್ದು ಕೇಳಿಸಿತು. ಜಮಖಾನ ಧೊಪ್ಪೆಂದು ಅಂಗಳಕ್ಕೆ ಬಿತ್ತು.

ಗುರುವಾರ ದೀಪ ಒಂಬತ್ತು ಗಂಟೆಯ ತನಕ ಉರಿಯಿತು. ಆಮೇಲೆ ತಿಂಗಳುಗಟ್ಟಲೆ ಉರಿಯಿತು. ಹೆಣ್ಣುಮಕ್ಕಳು ಓದಿದರು, ಪುಸ್ತಕಗಳ ಮೂಲೆ ಮಡಚಿದವು, ರತ್ನಳ ಗಣಿತದ ಪುಸ್ತಕದ ಮೇಲೆ ಅವಳ ಮಗು ಉಚ್ಚೆ ಹೊಯ್ದಿತು. ಹೆಡ್‌ಮಾಸ್ತರು ದಿನಾ ಬೆಳಿಗ್ಗೆ ಮೆತ್ತನೆಯ ಬಟ್ಟೆಯಿಂದ ಗಾಜು ಒರೆಸಿಸುತ್ತಿದ್ದರು. ಒಂದೇ ಒಂದು ಬಿಲ್ಲೆಯ ಮೇಲೆ ನೆರಳು ಬಿದ್ದರೂ ಸಾಲಿನ ಮಿಕ್ಕ ಬಿಲ್ಲೆಗಳ ಕರೆಂಟೂ ಕುಗ್ಗುತ್ತದೆ ಎಂದು ನಾನು ಹೇಳಿದ್ದೇ ತಪ್ಪಾಯಿತು. ತಾರಸಿಯ ಮೇಲೆ ಕಾಗೆ ಕೂತರೆ ಪಾಠ ನಿಲ್ಲಿಸಿ ಓಡಿಸಲು ಹೋಗುತ್ತಿದ್ದರು.

ಅಷ್ಟರಲ್ಲಿ ಎಂಜಿನಿಯರು ತಪಾಸಣೆಗೆ ಬಂದ. ಜಿಲ್ಲೆಯಲ್ಲೆಲ್ಲ ಕೊಟ್ಟ ಹಲಗೆಗಳಲ್ಲಿ ಕೆಲವಕ್ಕೆ ಕಲ್ಲು ಬಿದ್ದಿತ್ತಂತೆ, ಕೆಲವು ಗೂಡು ಕಟ್ಟಿದ ಹಕ್ಕಿಗಳ ಪಾಲಾಗಿದ್ದವಂತೆ. ನಮ್ಮದನ್ನು ಕಂಡು ಅವನಿಗೆ ಆನಂದಬಾಷ್ಪ. "ಏನ್ ಸಾರ್, ಈಗ ತಾನೇ ಪೆಟ್ಟಿಗೆಯಿಂದ ತೆಗೆದ ಹಾಗಿದೆಯಲ್ಲ! ಕೋಲಾರದಲ್ಲಿ ಪ್ರದರ್ಶನ ಇದೆ, ಇದನ್ನೇ ಇಡ್ತೀವಿ. ಅದಾದ್ಮೇಲೆ ಮಾಲೂರಿನ ಕಡೆ, ಲಕ್ಕೂರಿನ ಹತ್ತಿರ ಒಂದು ಶಾಲೇಲಿ ಮಂತ್ರಿಗಳ ಕೈಯಲ್ಲಿ ಉದ್ಘಾಟನೆ. ಮುಂದಿನ ವಾರ ಜೀಪು ಕಳಿಸ್ತೀನಿ."

"ನಮಗೆ?" ಎಂದೆ.

"ಫೈಲು ಹೋಗಿದೆ ಮೇಡಂ, ಬರುತ್ತೆ."

ಪರೀಕ್ಷೆಗೆ ಎರಡು ತಿಂಗಳಿತ್ತು. ಫೈಲಿನ ನಡಿಗೆ ನಮಗೆಲ್ಲ ಗೊತ್ತಿದ್ದದ್ದೇ, ಊರಿನ ಕಂಬಗಳು ಕಾಯುತ್ತಿದ್ದದ್ದೂ ಒಂದು ಫೈಲಿಗೇ. ನಾನು ಹೆಡ್‌ಮಾಸ್ತರ ಮುಖ ನೋಡಿದೆ. "ಸರ್ಕಾರದ ವಸ್ತು, ಸರ್ಕಾರದ ಅಪ್ಪಣೆ. ಆಗಲಿ ಸಾರ್" ಎಂದುಬಿಟ್ಟರು. ಎಂಜಿನಿಯರು ಹೋದ ಮೇಲೆ ನಾನು ಬಾಯಿಗೆ ಬಂದಂತೆ ಆಡಿದೆ. ನೀವು ಇಷ್ಟು ದಿನ ಕಾಪಾಡಿದ್ದು ಮಂತ್ರಿಗಳಿಗೆ ಸಾರ್, ಹಾಳುಮಾಡಿಕೊಂಡಿದ್ದರೆ ನಮಗೇ ಉಳಿಯುತ್ತಿತ್ತು ಎಂದೆ. ಅವರು ಕೊಡೆ ತೆಗೆದುಕೊಂಡು ಬಸ್ಸಿಗೆ ನಡೆದರು.

ಮುಂದಿನ ಸೋಮವಾರ ಜೀಪು ಬಂತು. ಎಂಜಿನಿಯರ ಹಿಂದೆಯೇ ನಾನೂ ಏಣಿ ಹತ್ತಿದೆ. ಹತ್ತಿದವಳು ಅಲ್ಲೇ ನಿಂತೆ. ಗಾಜಿನ ಮೇಲೆಲ್ಲ ಸಗಣಿ ಒಣಗಿತ್ತು. ಚೌಕಟ್ಟಿನ ಒಂದು ಮೂಲೆ ಸುತ್ತಿಗೆ ಏಟು ತಿಂದು ನೆಗ್ಗಿತ್ತು. ಚೌಕಟ್ಟಿನ ಉದ್ದಕ್ಕೂ ಮೊಳೆಯಿಂದ ಕೊರೆದು ನಮ್ಮ ಶಾಲೆಯ ಹೆಸರು ಬರೆದಿತ್ತು, ಸೊಟ್ಟಸೊಟ್ಟಗೆ, ಒಂದು ಅಕ್ಷರ ದೊಡ್ಡದು ಒಂದು ಚಿಕ್ಕದು.

"ಇದೇನ್ರೀ ಇದು, ಎಮ್ಮೆ ಕೊಟ್ಟಿಗೆಯಿಂದ ತಂದ ಹಾಗಿದೆ!" ಎಂದು ಎಂಜಿನಿಯರು ಮೂಗು ಮುಚ್ಚಿಕೊಂಡ.

"ಮಕ್ಕಳು ಓಡಾಡೋ ಜಾಗ ಸಾರ್" ಎಂದರು ಏಣಿಯ ಬುಡದಲ್ಲಿದ್ದ ಹೆಡ್‌ಮಾಸ್ತರು. "ಉಪಯೋಗಿಸಿಬಿಟ್ವಿ."

"ಇದಕ್ಕೆ ಜವಾಬ್ದಾರಿ ಯಾರು?"

"ನಾನೇ ಸಾರ್."

ಇದನ್ನು ಪ್ರದರ್ಶನಕ್ಕಿಟ್ಟರೆ ಮಾನ ಹೋಗುತ್ತದೆಂದು ಬೈದು ಜೀಪು ಖಾಲಿ ಹೋಯಿತು. ಜೀಪಿನ ಧೂಳು ಅಡಗುವ ಮುಂಚೆ ಹೆಡ್‌ಮಾಸ್ತರು, "ಮುನಿವೆಂಕಟಪ್ಪಾ, ನೀರು ತಾರಯ್ಯ, ಬೇಗ, ಬಿಸಿಲು ಹೋಗ್ತಿದೆ" ಎಂದರು. ತೊಳೆದು ನೋಡಿದರೆ ಗಾಜಿಗೆ ಒಂದು ಗೀರೂ ಬಿದ್ದಿರಲಿಲ್ಲ. ಸಂಜೆ ದೀಪ ಎಂದಿನಂತೆ ಉರಿಯಿತು. ಆಮೇಲೆ ಮುನಿವೆಂಕಟಪ್ಪ ನನಗೊಬ್ಬಳಿಗೇ ಹೇಳಿದ: "ಭಾನುವಾರ ಅಯ್ನೋರೊಬ್ರೇ ಬಂದಿದ್ರು ಮೇಡಂ. ಏಣಿ ನಾನೇ ಹಿಡ್ದಿದ್ದೆ. ಸಗಣಿ ಹಾಕೋವಾಗ ಸುಮ್ನಿದ್ರು. ಮೊಳೇಲಿ ಗೀಚೋವಾಗ ಅತ್ಬಿಟ್ರು, ಪಾಪಂ."

ಮೆಮೋ ಬಂತು. ಸರ್ಕಾರಿ ಸ್ವತ್ತಿನ ಬಗ್ಗೆ ಘೋರ ನಿರ್ಲಕ್ಷ್ಯವಂತೆ. ಒಂದು ಸೀಮೆಸುಣ್ಣದ ತುಂಡನ್ನೂ ಕಳೆಯದ ಮನುಷ್ಯನಿಗೆ, ನಿವೃತ್ತಿಗೆ ಕೆಲವೇ ತಿಂಗಳಿರುವಾಗ ಸಿಕ್ಕ ಬಿರುದು ಅದು. ಇಲಾಖೆಯ ವಿವೇಕಕ್ಕೆ ದೊಡ್ಡ ನಮಸ್ಕಾರ. ಅವರು ಅದನ್ನು ಎರಡು ಸಲ ಓದಿ, ಮಡಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಭದ್ರಪಡಿಸಿದರು. ನಾನು ಏನೋ ಹೇಳಲು ಹೋದೆ. "ಹೋಗಮ್ಮಾ, ಕ್ಲಾಸಿಗೆ ಹೊತ್ತಾಯ್ತು" ಎಂದರು.

ಆ ವರ್ಷ ಎಂಟು ಮಂದಿಯಲ್ಲಿ ಐವರು ಪಾಸಾದರು. ರತ್ನ ಗಣಿತದಲ್ಲಿ ಡುಮ್ಕಿ ಹೊಡೆದು, ಮತ್ತೆ ಕಟ್ಟಿ ಪಾಸಾದಳು. ಹೆಡ್‌ಮಾಸ್ತರು ನಿವೃತ್ತರಾಗಿ ಮುಳಬಾಗಿಲಿನ ಮನೆ ಸೇರಿದರು.

ಕೊನೆಯ ಸಲ ನಾನು ಅವರನ್ನು ನೋಡಿದ್ದು ಎರಡು ವರ್ಷದ ಮೇಲೆ. ಪಡಸಾಲೆಯಲ್ಲಿ ಹಾಸಿಗೆ ಹಿಡಿದಿದ್ದರು. ಶ್ವಾಸಕೋಶ ಕೆಟ್ಟಿತ್ತು, ಮಾತಿಗೊಂದು ಸಲ ನಿಲ್ಲಬೇಕಾಗಿತ್ತು. ನಾನು ಶ್ರೀನಿವಾಸಪುರದ ಮಾವಿನಹಣ್ಣು ತೆಗೆದುಕೊಂಡು ಹೋಗಿದ್ದೆ. ಕ್ಲಾಸಿಗೆ ಈಗ ಹದಿನಾಲ್ಕು ಜನ ಬರುತ್ತಾರೆ ಎಂದೆ. ಕೇಳಿಸಿಕೊಂಡರು. ಆಮೇಲೆ ದನಿ ತಗ್ಗಿಸಿ ಕೇಳಿದರು: "ಆ ಗೀಚಿದ ಕಡೆ ತುಕ್ಕು ಹಿಡೀತಾ?"

"ಅಲ್ಯೂಮಿನಿಯಂ ಸಾರ್, ತುಕ್ಕು ಹಿಡಿಯಲ್ಲ."

"ಛೇ, ಹಾಗಾದ್ರೆ ಆ ಸೊಟ್ಟ ಅಕ್ಷರ ಹಾಗೇ ಇರುತ್ತೆ" ಎಂದು ನಾಚಿಕೊಂಡರು. ಹಣ್ಣು ಕತ್ತರಿಸಿ ಕೊಟ್ಟೆ. ಎರಡು ಹೋಳು ತಿಂದರು.

ಅವರು ಹೋದ ಸುದ್ದಿ ಬಂದಾಗ ನಾನು ಸಂಜೆಯ ಕ್ಲಾಸಿನಲ್ಲಿದ್ದೆ. ಮುಳಬಾಗಿಲಿಗೆ ಹೋಗಿದ್ದ ಮುನಿವೆಂಕಟಪ್ಪ ಬಾಗಿಲಲ್ಲಿ ನಿಂತು, "ಅಯ್ನೋರು ಹೋಗ್ಬಿಟ್ರು ಮೇಡಂ, ಮಧ್ಯಾಹ್ನ" ಎಂದ. ಹುಡುಗಿಯರು ಪೆನ್ನು ಕೆಳಗಿಟ್ಟರು. ಯಾರಾದರೂ ಹೋದರೆ ಎರಡು ನಿಮಿಷ ಎದ್ದು ನಿಂತು, ಬಾಗಿಲು ಹಾಕಿಕೊಂಡು ಹೋಗುವುದು ಶಾಲೆಗಳ ಪದ್ಧತಿ. ಒಬ್ಬಳು ದೀಪ ಆರಿಸಲೆಂದು ಎದ್ದಳು.

"ಕೂತ್ಕೋ" ಎಂದೆ.

ದೀಪ ಆರಿಸಿ ಹೋಗಿದ್ದರೆ ಅವರಿಗೆ ಬಹಳ ಸಂತೋಷವಾಗುತ್ತಿತ್ತು. ತಮ್ಮ ಸಾವಿನಿಂದಲೂ ಅವರು ಅಷ್ಟು ಉಳಿತಾಯ ಮಾಡಿಕೊಂಡು ಹೋಗುವುದಕ್ಕೆ ನಾನು ಬಿಡಲಿಲ್ಲ. ಕಣ್ಣೊರೆಸಿಕೊಳ್ಳುತ್ತ, ಮೂಗು ಸೇದುತ್ತ ಪಾಠ ಮಾಡಿದೆ. ವಿಜ್ಞಾನ ಮುಗಿಯಿತು, ಗಣಿತ ತೆಗೆಸಿದೆ. ಹೊತ್ತು ಮೀರಿತು, ಯಾರೂ ಏಳಲಿಲ್ಲ. ಕೊನೆಗೆ ಟ್ಯೂಬಿನ ತುದಿಗಳು ಕೆಂಪಾಗಿ ದೀಪ ತಾನಾಗಿ ಆರಿತು. ಆ ದಿನ ಬಿದ್ದ ಬಿಸಿಲನ್ನು ಒಂದು ಚೂರೂ ಉಳಿಸದೆ ಖರ್ಚು ಮಾಡಿ ನಾವು ಮನೆಗೆ ಹೊರಟೆವು.